ವೇಗ ಬೆಳೆಯಿತು, ವೈಭವ ಕುಂದಿತು
ಅಮೇರಿಕದ ಡ್ರ್ಯಾಗ್ ರೇಸಿಂಗ್ ಇಂದು ನಿಂತಿರುವ ಕವಲುದಾರಿ

ಅಮೇರಿಕದ ನ್ಯಾಶನಲ್ ಹಾಟ್ ರಾಡ್ ಅಸೋಸಿಯೇಶನ್ ಎಂಬ ಸಂಸ್ಥೆಯು 1951ರಲ್ಲಿ ಹುಟ್ಟಿತು. 2026 ಅದರ ಎಪ್ಪತ್ತೈದನೆಯ ವರ್ಷ. ತರುಣರು ಸಾರ್ವಜನಿಕ ರಸ್ತೆಗಳಲ್ಲಿ ಮೋಟಾರುಗಾಡಿಗಳನ್ನು ಪಂತಕ್ಕೆ ಓಡಿಸಿ ತಮ್ಮ ಮತ್ತು ಪರರ ಪ್ರಾಣಕ್ಕೆ ಎರವಾಗುತ್ತಿದ್ದುದನ್ನು ಕಂಡು, ಆ ಹುಮ್ಮಸ್ಸನ್ನು ಬೇಲಿಯೊಳಗಿನ ಪಥಕ್ಕೆ ತಂದು ಶಿಸ್ತಿಗೆ ಒಳಪಡಿಸಬೇಕೆಂಬ ಉದ್ದೇಶದಿಂದ ವಾಲಿ ಪಾರ್ಕ್ಸ್ ಅವರು ಅದನ್ನು ಸ್ಥಾಪಿಸಿದರು. ಉದ್ದೇಶವು ಬಹುಮಟ್ಟಿಗೆ ನೆರವೇರಿತೆಂದು ಎಲ್ಲರೂ ಒಪ್ಪುವರು. ಆದರೂ ಈ ಆಟದ ಹಳೆಯ ಅಭಿಮಾನಿಗಳ ಬಾಯಲ್ಲಿ ಇಂದು ಸಂತೋಷಕ್ಕಿಂತ ದೂರೇ ಹೆಚ್ಚಾಗಿ ಕೇಳಿಬರುತ್ತಿದೆ. ವೇಗವು ಬೆಳೆಯಿತು, ವೈಭವವು ಕುಂದಿತು ಎಂಬುದೇ ಆ ದೂರಿನ ಸಾರ. ಇದು ಬರಿಯ ಮುಪ್ಪಿನ ಹಳಹಳಿಕೆಯೇ, ಅಥವಾ ಆಟದ ಬುಡಕ್ಕೇ ತಗಲಿದ ರೋಗದ ಲಕ್ಷಣವೇ ಎಂಬುದನ್ನು ವಿಚಾರಮಾಡುವುದು ಅವಶ್ಯವಾಗಿದೆ.

ಆಟದ ಸ್ವರೂಪವು ಅತಿ ಸರಳ. ಎರಡು ವಾಹನಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಸಂಕೇತದ ದೀಪ ಹಸುರಾದೊಡನೆ ನೇರವಾದ ಪಥದಲ್ಲಿ ನುಗ್ಗುತ್ತವೆ. ಕೊನೆಯ ಗೆರೆಯನ್ನು ಮೊದಲು ದಾಟಿದವನು ಗೆದ್ದನು. ಹಿಂದಿನಿಂದ ಬಂದ ಅಳತೆ ಕಾಲು ಮೈಲಿ, ಅಂದರೆ 1320 ಅಡಿ. ನೈಟ್ರೋಮೀಥೇನ್ ಎಂಬ ಉಗ್ರವಾದ ಇಂಧನವನ್ನು ಸುಡುವ ಟಾಪ್ ಫ್ಯೂಯಲ್ ಮತ್ತು ಫನ್ನಿ ಕಾರ್ ವರ್ಗಗಳಲ್ಲಿ ಈಗ ಓಟವು ನಾಲ್ಕು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಈ ಒಂದು ಸಂಗತಿಯನ್ನು ಮರೆತರೆ ಉಳಿದ ಯಾವ ಮಾತೂ ಅರ್ಥವಾಗದು. ಹಣ ತೆತ್ತು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಇಡೀ ದಿನ ಬಿಸಿಲಿನಲ್ಲಿ ಕುಳಿತ ಪ್ರೇಕ್ಷಕನಿಗೆ ಒಂದು ಜೋಡಿಯಿಂದ ದೊರೆಯುವ ಓಟ ನಾಲ್ಕು ಸೆಕೆಂಡಿನಷ್ಟೂ ಇಲ್ಲ. ಓಟದ ಮುಂಚೆ ಏನು ನಡೆಯಿತು, ಓಡಿದವರು ಯಾರು, ಅವರೊಳಗಿನ ಹಗೆತನವೇನು ಎಂಬುದೇ ಆ ದಿನವನ್ನು ತುಂಬಬೇಕು. ಆದುದರಿಂದ ಈ ಆಟದಲ್ಲಿ ಪ್ರದರ್ಶನವೆಂಬುದು ಮೇಲೆ ತೊಡಿಸಿದ ಒಡವೆಯಲ್ಲ, ಆಟದ ಮೈಯೇ ಅದು.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. 1960 ಮತ್ತು 1970ರ ದಶಕಗಳ ವಾಹನಗಳಿಗೆ ಹೆಸರುಗಳಿದ್ದವು. ಡಾನ್ ಗಾರ್ಲಿಟ್ಸ್ ಅವರ ಗಾಡಿಗಳು "ಸ್ವಾಂಪ್ ರ್‍ಯಾಟ್", ಎಂದರೆ ಜೌಗಿನ ಹೆಗ್ಗಣ. "ಚೈ-ಟೌನ್ ಹಸ್ಲರ್" ಎಂಬ ಗಾಡಿಯು ಬರ್ನ್‌ಔಟ್‌ಗೆ ಹೆಸರಾಗಿತ್ತು. ಹಿಂದಿನ ಚಕ್ರಗಳನ್ನು ಒದ್ದೆಯಾದ ಜಾಗದಲ್ಲಿ ರಭಸದಿಂದ ತಿರುಗಿಸಿ, ಟೈರುಗಳನ್ನು ಕಾಯಿಸಿ, ಪಥಕ್ಕೆ ರಬ್ಬರು ಅಂಟಿಸುವ ಕ್ರಿಯೆಗೆ ಆ ಹೆಸರು. ಹಿಡಿತ ಹೆಚ್ಚಿಸುವುದಕ್ಕಾಗಿ ಹುಟ್ಟಿದ ಈ ಕೆಲಸವನ್ನು ಅವರು ಪಥದ ಅರ್ಧದವರೆಗೂ ಬಿಳಿಯ ಹೊಗೆಯ ಗೋಡೆ ಎಬ್ಬಿಸುವ ಉತ್ಸವವನ್ನಾಗಿ ಮಾಡಿದರು. ಬಿಲ್ ಗೋಲ್ಡನ್ ಅವರ "ಲಿಟ್ಲ್ ರೆಡ್ ವ್ಯಾಗನ್" ಮುಂದಿನ ಚಕ್ರಗಳನ್ನು ಆಕಾಶಕ್ಕೆತ್ತಿ, ಹಿಂದಿನೆರಡರ ಮೇಲೆಯೇ ಪಥವನ್ನು ಸಾಗುತ್ತಿತ್ತು. ಡಾನ್ ಪ್ರೂಡೋಮ್ ಹಾವಾದರು, ಟಾಮ್ ಮೆಕ್ಯೂಎನ್ ಮುಂಗುಸಿಯಾದರು. ಮ್ಯಾಟೆಲ್ ಎಂಬ ಆಟಿಕೆಯ ಕಂಪನಿಯು 1970ರಲ್ಲಿ ಇವರಿಬ್ಬರನ್ನೂ ತನ್ನ ಹಾಟ್ ವೀಲ್ಸ್ ಹೆಸರಿನಲ್ಲಿ ಓಡಿಸಿದುದರಿಂದ, ಪಥವನ್ನೇ ಕಾಣದ ಮಕ್ಕಳು ಸಹ ಮನೆಯ ನೆಲದ ಮೇಲೆ ಹಾವು-ಮುಂಗುಸಿಗಳ ಕಾಳಗವನ್ನಾಡಿದರು. ಗಂಡಸರದೇ ಎಂದು ಬಗೆದಿದ್ದ ಈ ಕಣಕ್ಕೆ ಶರ್ಲಿ ಮಲ್ಡೌನಿ ಅವರು ಗುಲಾಬಿ ಬಣ್ಣದ ವಾಹನದಲ್ಲಿ ಬಂದು 1977, 1980, 1982ರಲ್ಲಿ ಟಾಪ್ ಫ್ಯೂಯಲ್ ಪಟ್ಟವನ್ನು ಗೆದ್ದರು. ಆ ಬಣ್ಣವನ್ನು ದೂರದಿಂದ ಕಂಡೊಡನೆ ಜನ ಎದ್ದು ನಿಲ್ಲುತ್ತಿದ್ದರು. ಕೆಲವರು ಹರಸಲು, ಕೆಲವರು ಹಳಿಯಲು.

ಈ ಸಂಭ್ರಮವು ಯಾರದೋ ಉದಾರಬುದ್ಧಿಯಿಂದ ಹುಟ್ಟಿದುದಲ್ಲ. ಅದರ ಬೇರು ಅರ್ಥವ್ಯವಸ್ಥೆಯಲ್ಲಿತ್ತು. ಆಗಿನ ವೃತ್ತಿಪರ ಚಾಲಕನ ಅನ್ನ ಬಹುಮಟ್ಟಿಗೆ ಬರುತ್ತಿದ್ದುದು ಮ್ಯಾಚ್ ರೇಸ್ ಎಂಬ ಕರೆಯೋಲೆಯ ಪಂದ್ಯಗಳಿಂದ. ಸಣ್ಣ ಊರಿನ ಪಥದ ಒಡೆಯನು ಇಬ್ಬರು ಪ್ರಸಿದ್ಧರನ್ನು ಹಣ ಗೊತ್ತುಮಾಡಿ ಕರೆಸುವನು. ಸೋಲಲಿ, ಗೆಲ್ಲಲಿ, ಸಂಭಾವನೆ ಸಲ್ಲುವುದು. ಆದರೆ ಜನ ಸೇರದಿದ್ದರೆ ಮರುವರ್ಷದ ಕರೆ ಬಾರದು. ಹೀಗಾಗಿ ಚಾಲಕನ ನಿಜವಾದ ಧಣಿ ಪ್ರೇಕ್ಷಕನೇ ಆಗಿದ್ದನು. "ಜಂಗಲ್ ಜಿಮ್" ಎಂದು ಪ್ರಖ್ಯಾತರಾದ ಜಿಮ್ ಲೀಬರ್ಮನ್ ಅವರ ಉದಾಹರಣೆ ಇದಕ್ಕೆ ಸಾಕು. ಅವರ ಗಾಡಿ ಹೊಗೆಯಲ್ಲಿ ಮುಳುಗಿ ದೂರ ಸಾಗಿದ ಮೇಲೆ, ಸಂಗಾತಿಯಾದ ಪ್ಯಾಮ್ ಹಾರ್ಡಿ ಅವರು ಪಥಕ್ಕಿಳಿದು ಕೈಸನ್ನೆಯಿಂದ ಅದನ್ನು ಹಿಂದಕ್ಕೆ ನಡೆಸುತ್ತಿದ್ದ ದೃಶ್ಯಕ್ಕಾಗಿಯೇ ಜನ ನೆರೆಯುತ್ತಿತ್ತು. 1977ರಲ್ಲಿ ಅಕಾಲ ಮರಣಕ್ಕೀಡಾದ ಲೀಬರ್ಮನ್ ಅವರು ನ್ಯಾಶನಲ್ ಹಾಟ್ ರಾಡ್ ಅಸೋಸಿಯೇಶನ್ನಿನ ರಾಷ್ಟ್ರೀಯ ಪಂದ್ಯಗಳಲ್ಲಿ ಗೆದ್ದುದು ಒಂದೇ ಒಂದನ್ನು: 1975ರ ಎಂಗ್ಲಿಷ್‌ಟೌನ್ ಪಂದ್ಯ. ಅನೇಕ ಪಟ್ಟಗಳನ್ನು ಗೆದ್ದವರ ಹೆಸರು ಮಾಸಿಹೋಗಿರಲು, ಒಂದೇ ಪಂದ್ಯ ಗೆದ್ದವರ ಹೆಸರು ಅರ್ಧ ಶತಮಾನದ ಬಳಿಕವೂ ಉಳಿದಿದೆ. ಜನರ ಮನಸ್ಸಿನ ಲೆಕ್ಕಪತ್ರ ಬೇರೆ, ಅಂಕಪಟ್ಟಿಯ ಲೆಕ್ಕಪತ್ರ ಬೇರೆ.

ಈ ಧಣಿ ಬದಲಾದಾಗಲೇ ಆಟವೂ ಬದಲಾಯಿತು. 1975ರಲ್ಲಿ ವಿನ್‌ಸ್ಟನ್ ಎಂಬ ಸಿಗರೇಟಿನ ಆಶ್ರಯ ಬಂದಿತು. ಅದು 2001ರವರೆಗೆ ನಡೆಯಿತು. ಬಹುಮಾನದ ಹಣ ಏರಿತು, ವರ್ಷವಿಡೀ ಅಂಕಗಳಿಗಾಗಿ ಹೋರಾಡುವ ಪದ್ಧತಿ ಬಲವಾಯಿತು, ದೂರದರ್ಶನ ಬಂದಿತು, ದೊಡ್ಡ ಕಂಪನಿಗಳು ಬಂದವು. ಇದರಿಂದ ಆಟಕ್ಕೆ ಸ್ಥಿರತೆ ಬಂದಿತೆಂಬುದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಚಾಲಕನು ಈಗ ಮೆಚ್ಚಿಸಬೇಕಾದುದು ಕಟ್ಟೆಯ ಮೇಲೆ ಕುಳಿತವನನ್ನಲ್ಲ, ಕಚೇರಿಯಲ್ಲಿ ಕುಳಿತವನನ್ನು. ಗಾಡಿಯ ಮೈಮೇಲೆ ಚಿತ್ರಕಾರನು ಬರೆದ ಹೆಸರಿನ ಜಾಗದಲ್ಲಿ ಕಂಪನಿಯ ಮುದ್ರೆ ಅಂಟಿತು. ಉದ್ದವಾದ ಬರ್ನ್‌ಔಟ್ ಕ್ಲಚ್ಚನ್ನು ಕಾಯಿಸಿ ಯಂತ್ರಜ್ಞನ ಲೆಕ್ಕವನ್ನು ಕೆಡಿಸುವುದಾದ್ದರಿಂದ ಅದು ಮೊಟಕಾಯಿತು. ಪಥದಲ್ಲಿ ಎಣ್ಣೆ ಚೆಲ್ಲಿದರೆ ದಂಡ ಮತ್ತು ಅಂಕನಷ್ಟ ವಿಧಿಸುವ ನಿಯಮವು ಸರಿಯಾದುದೇ ಆದರೂ, ಅದೂ ಚಾಲಕನಿಗೆ ಎಚ್ಚರಿಕೆಯನ್ನು ಕಲಿಸಿತೇ ಹೊರತು ಎದೆಗಾರಿಕೆಯನ್ನಲ್ಲ. ಗೆದ್ದವನ ಬಾಯಿಂದ ಎದುರಾಳಿಯನ್ನು ಕೆಣಕುವ ಮಾತಿಗಿಂತ ಆಶ್ರಯದಾತರ ಹೆಸರುಗಳ ಪಟ್ಟಿಯೇ ಹೆಚ್ಚಾಗಿ ಹೊರಡುತ್ತದೆ. ಫನ್ನಿ ಕಾರ್‌ನಲ್ಲಿ ಹದಿನಾರು ಬಾರಿ ಪಟ್ಟವೇರಿದ ಜಾನ್ ಫೋರ್ಸ್ ಅವರು ಗೆಲುವನ್ನೂ ಮಾತಿನ ಸಡಗರವನ್ನೂ ಒಟ್ಟಿಗೆ ಹೊತ್ತುಬಂದ ಅಪರೂಪದ ವ್ಯಕ್ತಿ. 2024ರ ಜೂನ್‌ನಲ್ಲಿ ವರ್ಜೀನಿಯದಲ್ಲಾದ ಭೀಕರ ಅಪಘಾತದಲ್ಲಿ ಅವರ ಮಿದುಳಿಗೆ ಪೆಟ್ಟಾಯಿತು. ಅವರ ಜಾಗವನ್ನು ತುಂಬುವವರು ಯಾರೆಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಹಳೆಯ ಕಾಲವನ್ನು ಹಾಡಿ ಹೊಗಳುವವರು ಅದರ ರಕ್ತವನ್ನು ಮರೆಯಬಾರದು. 1970ರಲ್ಲಿ ಕ್ಯಾಲಿಫೋರ್ನಿಯದ ಲಯನ್ಸ್ ಪಥದಲ್ಲಿ ಗಾರ್ಲಿಟ್ಸ್ ಅವರ ಗಾಡಿಯ ಗೇರುಪೆಟ್ಟಿಗೆ ಸಿಡಿದು ಅವರ ಪಾದದ ಒಂದು ಭಾಗ ಹಾರಿಹೋಯಿತು. ಆಸ್ಪತ್ರೆಯಿಂದ ಎದ್ದುಬಂದು ಅವರು ಎಂಜಿನನ್ನು ಬೆನ್ನ ಹಿಂದಕ್ಕೆ ಸರಿಸಿದ ಗಾಡಿಯನ್ನು ಕಟ್ಟಿ, 1971ರಲ್ಲಿ ಗೆದ್ದು ತೋರಿಸಿದರು. ಟಾಪ್ ಫ್ಯೂಯಲ್ ಎಲ್ಲವೂ ಆ ಹಾದಿಯನ್ನೇ ಹಿಡಿದು ಎಷ್ಟೋ ಜೀವಗಳು ಉಳಿದವು. 2008ರ ಜೂನ್ 21ರಂದು ಎಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟ ಅವರು ಎಂಜಿನ್ ಸಿಡಿದು, ಗಾಡಿ ಪಥದ ಕೊನೆಯಲ್ಲಿಯೂ ನಿಲ್ಲದೆ ಮೃತಪಟ್ಟ ಬಳಿಕ, ನೈಟ್ರೋ ವರ್ಗಗಳ ಓಟವನ್ನು 1000 ಅಡಿಗೆ ಇಳಿಸಲಾಯಿತು. ಕಾಲು ಮೈಲಿಯ ಪರಂಪರೆ ಮುರಿಯಿತೆಂದು ಇಂದಿಗೂ ಕೊರಗುವವರಿದ್ದಾರೆ. ಆ ಕೊರಗು ನಮಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗದು. 320 ಅಡಿಗಳಿಗಾಗಿ ಒಂದು ಹೆಣವನ್ನು ತೆರುವ ಪರಂಪರೆಯನ್ನು ಯಾವ ವಿವೇಕಿಯೂ ಬೇಡನು. ಪ್ರದರ್ಶನ ಬೇಕೆಂದರೆ ಅಪಾಯ ಬೇಕೆಂದರ್ಥವಲ್ಲ. ಇವೆರಡನ್ನು ಒಂದೇ ಎಂದು ಎಣಿಸುವುದೇ ಈ ಚರ್ಚೆಯನ್ನು ಕೆಡಿಸಿರುವ ಭ್ರಮೆ.

ಸಂಸ್ಥೆಯ ಸಮರ್ಥಕರು ಅಂಕಿಗಳನ್ನು ಮುಂದಿಡುತ್ತಾರೆ. 1000 ಅಡಿಗೆ ಇಳಿದರೂ ಟಾಪ್ ಫ್ಯೂಯಲ್ ವಾಹನಗಳು 2025ರಲ್ಲಿ ಗಂಟೆಗೆ 340 ಮೈಲಿಯನ್ನು ಮೀರಿದವು. ಇದು ಬೆರಗಿನ ಸಾಧನೆಯೇ ಸರಿ. ಆದರೆ 330 ಮೈಲಿಗೂ 340 ಮೈಲಿಗೂ ಇರುವ ಭೇದವನ್ನು ಮನುಷ್ಯನ ಕಣ್ಣು ಕಾಣಲಾರದು. ಫಲಕವನ್ನು ಓದಿದ ಮೇಲೆಯೇ ಅದು ತಿಳಿಯಬೇಕು. ಹೊಗೆಯನ್ನು ಕಣ್ಣು ಕಾಣುತ್ತದೆ, ಎತ್ತಿದ ಚಕ್ರವನ್ನು ಕಾಣುತ್ತದೆ, ಇಬ್ಬರ ನಡುವಿನ ಹಟವನ್ನು ಮನಸ್ಸು ಕಾಣುತ್ತದೆ. ಅಂಕಿಯೊಂದನ್ನೇ ನಂಬಿದ ಆಟವು ತನ್ನ ಪ್ರೇಕ್ಷಕನಿಗೆ ಓದಲು ಕೊಟ್ಟಿತೇ ಹೊರತು ನೋಡಲು ಕೊಡಲಿಲ್ಲ.

ಹಾಗಾದರೆ ಅಭಿಮಾನಿಯು ಬಯಸುವುದೇನು? ಅವನು ತನ್ನ ಕಾಲುಗಳಿಂದಲೇ ಮತ ಕೊಟ್ಟಿದ್ದಾನೆ. ಬೇಕರ್ಸ್‌ಫೀಲ್ಡ್ ಬಳಿಯ ಫಾಮೋಸೊ ಪಥದಲ್ಲಿ ಹಳೆಯ ಗಾಡಿಗಳನ್ನು ತಂದು ಸಾಲಾಗಿ ನಿಲ್ಲಿಸಿ, ಓಡಿಸದೆಯೇ, ಎಂಜಿನುಗಳನ್ನು ಮಾತ್ರ ಚಾಲೂಮಾಡಿ ಬೆಂಕಿಯುಗುಳಿಸುವ "ಕ್ಯಾಕಲ್‌ಫೆಸ್ಟ್" ಎಂಬ ಉತ್ಸವಕ್ಕೆ ಜನ ಮುಗಿಬಿದ್ದರು. ಓಟವೇ ಇಲ್ಲದ ನೋಟಕ್ಕೆ ಇಷ್ಟು ಮಂದಿ ಬರುವುದಾದರೆ ಹಸಿವು ಯಾವುದಕ್ಕೆಂಬುದು ವಿದಿತ. 2013ರಲ್ಲಿ ಆರಂಭವಾದ "ಸ್ಟ್ರೀಟ್ ಔಟ್‌ಲಾಸ್" ಎಂಬ ದೂರದರ್ಶನ ಸರಣಿಯು ವೇಗದಲ್ಲಿ ವೃತ್ತಿಪರರ ಹತ್ತಿರಕ್ಕೂ ಬಾರದ ಗಾಡಿಗಳಿಂದ ಅಪಾರವಾದ ಪ್ರೇಕ್ಷಕವರ್ಗವನ್ನು ಗಳಿಸಿತು. ಅಲ್ಲಿ ಜಗಳವಿತ್ತು, ಪಂತವಿತ್ತು, ಹೆಸರು ಹಿಡಿದು ಕರೆಯಬಹುದಾದ ಮನುಷ್ಯರಿದ್ದರು. ವೃತ್ತಿಪರ ಪಂದ್ಯಗಳಲ್ಲಿಯೂ ಇಂದಿಗೂ ಜನರನ್ನು ಹೆಚ್ಚು ಸೆಳೆಯುವುದು ಪಿಟ್ಟುಗಳ ಮುಕ್ತ ಪ್ರವೇಶ. ಟಿಕೇಟು ಪಡೆದ ಯಾರೇ ಆದರೂ ಎಂಜಿನನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ಮೊಳದ ದೂರದಲ್ಲಿ ನಿಂತು ನೋಡಬಹುದು, ಕಣ್ಣುರಿಸುವ ನೈಟ್ರೋ ಗಾಳಿಯನ್ನು ಉಂಡು ಬರಬಹುದು. ಬೇರೆ ಯಾವ ದೊಡ್ಡ ಆಟ ಇಷ್ಟು ಸಲಿಗೆಯನ್ನು ಕೊಡುತ್ತದೆ? ಅಭಿಮಾನಿಗೆ ಬೇಕಾದುದು ಸಾಮೀಪ್ಯ, ವ್ಯಕ್ತಿತ್ವ ಮತ್ತು ಕಾದಿದ್ದಕ್ಕೆ ತಕ್ಕ ನೋಟ. ಇನ್ನೂ ಹತ್ತು ಮೈಲಿ ವೇಗವಲ್ಲ.

ಸಂಸ್ಥೆಯು ಇದನ್ನು ತೀರ ಅರಿಯದೆ ಕುಳಿತಿದೆ ಎನ್ನಲಾಗದು. 2010ರಲ್ಲಿ ಉತ್ತರ ಕೆರೊಲಿನದ ಕಾನ್‌ಕಾರ್ಡ್‌ನಲ್ಲಿ ನಾಲ್ಕು ಗಾಡಿಗಳನ್ನು ಒಮ್ಮೆಗೇ ಓಡಿಸುವ ಪದ್ಧತಿ ಬಂದಿತು. ಗದ್ದಲ ಇಮ್ಮಡಿಯಾಯಿತು, ಆದರೆ ಇಬ್ಬರ ದ್ವಂದ್ವಯುದ್ಧದ ಸ್ವಾರಸ್ಯ ಚದುರಿತೆಂದು ಹಲವರು ಮುನಿದರು. 2016ರಲ್ಲಿ ಪ್ರೊ ಸ್ಟಾಕ್ ವರ್ಗದ ಗಾಡಿಗಳು ಮುಂಚಕ್ರವನ್ನು ಹೆಚ್ಚಾಗಿ ಎತ್ತುವಂತೆ ಹಿಂದಿನ ಆಧಾರದ ಸಲಾಕೆಗಳನ್ನು ಮೊಟಕುಮಾಡಲಾಯಿತು. ಪಿಟ್ಟಿನಲ್ಲಿ ಎಂಜಿನು ಜನರ ಕಡೆಗೇ ಮುಖಮಾಡಿರಬೇಕೆಂದು ವಿಧಿಸಲಾಯಿತು. 2022ರಲ್ಲಿ ಚಾಲಕನೇ ತನ್ನ ಎದುರಾಳಿಯನ್ನು ಹೆಸರಿಸಿ ಕರೆಯುವ ವಿಶೇಷ ಪಂದ್ಯವನ್ನು ತರಲಾಯಿತು. ಈ ಕೊನೆಯದು ಹಳೆಯ ಮ್ಯಾಚ್ ರೇಸಿನ ಮರುಹುಟ್ಟೇ ಆಗಿದ್ದು, ಸರಿಯಾದ ದಿಕ್ಕಿನ ಹೆಜ್ಜೆಯೆಂದು ನಾವು ಎಣಿಸುತ್ತೇವೆ. ಆದರೆ ವರ್ಷಕ್ಕೊಂದೆರಡು ದಿನ ಉಟ್ಟು ತೆಗೆದಿಡುವ ಹಬ್ಬದ ಬಟ್ಟೆಯಂತೆ ಅದನ್ನು ಬಳಸಿದರೆ ಪ್ರಯೋಜನವಿಲ್ಲ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಕಲಾವಿದನು ಬೆಳೆಯಲು ರಂಗಭೂಮಿ ಬೇಕು. ಈ ಆಟದ ರಂಗಭೂಮಿಗಳೇ ಒಂದೊಂದಾಗಿ ಅಳಿಯುತ್ತಿವೆ. ಲಯನ್ಸ್ ಪಥ 1972ರಲ್ಲಿ ಮುಚ್ಚಿತು. ಎಂಗ್ಲಿಷ್‌ಟೌನ್‌ನಲ್ಲಿ 2018ರಲ್ಲಿ ಓಟಗಳು ನಿಂತವು. ಅಟ್ಲಾಂಟ 2021ರಲ್ಲಿ, ಹ್ಯೂಸ್ಟನ್ 2023ರಲ್ಲಿ ಮುಚ್ಚಿದವು. ಡೆನ್ವರ್ ಬಳಿ 1958ರಿಂದ ಒಂದೇ ಕುಟುಂಬವು ನಡೆಸಿಕೊಂಡು ಬಂದ ಬ್ಯಾಂಡಿಮಿಯರ್ ಪಥಕ್ಕೂ 2023ರಲ್ಲಿ ಬೀಗ ಬಿದ್ದಿತು. ಊರು ಬೆಳೆದು ಬೇಲಿಗೆ ತಗುಲಿದಾಗ ಭೂಮಿಯ ಬೆಲೆ ಒಂದು ಕಡೆ, ಗದ್ದಲದ ದೂರು ಇನ್ನೊಂದು ಕಡೆ. ನಡುವೆ ಸಿಕ್ಕಿದ ಪಥ ಉಳಿಯದು. ತನ್ನೂರಿನ ಜನರಿಗೆ ಪ್ರಿಯವಾದ ಪಥವನ್ನು ಕೆಡವಲು ಮಾತ್ರ ಯಾರೂ ಎರಡು ಬಾರಿ ಯೋಚಿಸುತ್ತಾರೆ. ಜನಪ್ರೀತಿಯ ಆ ಕವಚವನ್ನು ತೊಡಿಸುವುದು ಪ್ರದರ್ಶನವೇ ಹೊರತು ದಾಖಲೆಯಲ್ಲ.

ಆದುದರಿಂದ ಮಾಡಬೇಕಾದ ಕಾರ್ಯವೇನೆಂಬುದು ಅಸ್ಪಷ್ಟವಾಗಿಲ್ಲ. ಸುರಕ್ಷತೆಯ ನಿಯಮಗಳಲ್ಲಿ ಕೂದಲೆಳೆಯಷ್ಟೂ ಸಡಿಲ ಬೇಡ. ಆದರೆ ಅಂಕಗಳಿಲ್ಲದ ದಿನವೊಂದನ್ನು ಪ್ರತಿ ಪಂದ್ಯದಲ್ಲಿಯೂ ಮೀಸಲಿಟ್ಟು, ಅಂದು ಚಾಲಕನಿಗೆ ಗೆಲುವಿಗಲ್ಲದೆ ನೋಟಕ್ಕೆ ಸಂಭಾವನೆ ಸಲ್ಲಲಿ. ಗಾಡಿಗಳಿಗೆ ಹೆಸರುಗಳು ಮರಳಲಿ. ಚಾಲಕರ ನಾಲಗೆಗೆ ಹಾಕಿದ ಬೀಗ ತೆಗೆಯಲ್ಪಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಸಂಸ್ಥೆಯ ಬೊಕ್ಕಸದಿಂದ ಒಂದು ಪಾಲು ಸಣ್ಣ ಊರುಗಳ ಪಥಗಳಿಗೆ ಹರಿದು, ಹೆಸರಾಂತ ಚಾಲಕರು ವರ್ಷಕ್ಕೆ ಕೆಲವು ಬಾರಿಯಾದರೂ ಅಲ್ಲಿಗೆ ಹೋಗುವಂತಾಗಲಿ.

ಬೀದಿಯಲ್ಲಿ ಸಾಯುತ್ತಿದ್ದ ಹುಡುಗರನ್ನು ಪಥಕ್ಕೆ ತರುವುದಕ್ಕಾಗಿ ಈ ಸಂಸ್ಥೆ ಹುಟ್ಟಿತು. ಅವರನ್ನು ಪಥಕ್ಕೆ ಎಳೆದುದು ನಿಯಮಾವಳಿಯಲ್ಲ, ಬೀದಿಗಿಂತ ಪಥವೇ ಹೆಚ್ಚು ಸೊಗಸೆಂಬ ಭಾವನೆ. ಆ ಭಾವನೆ ಅಳಿದು, ಪಥಗಳೂ ಅಳಿದರೆ, ಹುಡುಗರು ಮತ್ತೆ ಬೀದಿಗೇ ಹೋಗುವರು. ಎಪ್ಪತ್ತೈದು ವರ್ಷಗಳ ಕೆಲಸವನ್ನು ಉಳಿಸಿಕೊಳ್ಳಬೇಕೆನ್ನುವವರು ಈ ಒಂದು ಮಾತನ್ನು ಮೊದಲು ನೆನೆಯಬೇಕು.