ಜುಮಾ ಬಯಾನಿನಲ್ಲಿ ಎಚ್‌ಐವಿ ಮಾತೂ ಬರಲಿ

ಡಿಸೆಂಬರ್ 1 ಬಂದರೆ ನಾವು ಕೆಂಪು ರಿಬ್ಬನ್ ಕಟ್ಟಿಕೊಳ್ಳುತ್ತೇವೆ, ಭಾಷಣ ಕೇಳುತ್ತೇವೆ, ಮನೆಗೆ ಹೋಗುತ್ತೇವೆ. ಮನೆಯಲ್ಲಿ ಆ ಹೆಸರು ಎತ್ತಿದರೆ ಅಮ್ಮಿ "ತೋಬಾ ತೋಬಾ" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಈ ಮಾತು ಹಿರಿಯರು ಗೌರವದಿಂದ ಕೇಳುವ ಜಾಗದಿಂದಲೇ ಬರಬೇಕು. ಆ ಜಾಗ ಮಸೀದಿ ಎಂದು ನನ್ನ ಅಭಿಪ್ರಾಯ.

ಔಷಧಿ ಇಲ್ಲವೆಂದು ಹೆದರುವ ಕಾಲ ಈಗಿಲ್ಲ. ನಮ್ಮ ದೇಶದಲ್ಲಿ 2004ರಿಂದ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ತೆಗೆದುಕೊಂಡು, ವೈರಾಣು ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾದರೆ, ಅದು ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹರಡುವುದಿಲ್ಲ. ಗರ್ಭಿಣಿಗೆ ಬೇಗ ಗೊತ್ತಾದರೆ ಮಗುವನ್ನೂ ಕಾಪಾಡಬಹುದು. ಆದರೆ ಇದೆಲ್ಲ ಶುರುವಾಗುವುದು ಪರೀಕ್ಷೆಯಿಂದ. ಲೆಕ್ಕದ ಪುಸ್ತಕದಲ್ಲಿ ಸಾಲ ಬರೆಯದೆ ಬಿಟ್ಟರೆ ಸಾಲ ಇಲ್ಲವೆಂದಲ್ಲ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇದೂ ಹಾಗೆಯೇ.

ಮೈಸೂರಿನಲ್ಲಿ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಕೆ.ಆರ್. ಆಸ್ಪತ್ರೆಯಲ್ಲಿ ಉಚಿತ ಪರೀಕ್ಷೆಯೂ ಇದೆ, ಆಪ್ತಸಮಾಲೋಚನೆಯೂ ಇದೆ. ಎಚ್‌ಐವಿ ಇರುವವರನ್ನು ನೋಡಿಕೊಳ್ಳುವ ಆಶಾಕಿರಣ ಆಸ್ಪತ್ರೆ ನಮ್ಮ ಊರಿನಲ್ಲೇ ಇದೆ. 1097ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಹಾಗಿದ್ದರೂ ಜನ ಹೋಗದಿರುವುದಕ್ಕೆ ಕಾರಣ "ಮೊಹಲ್ಲಾದವರು ಏನಂದುಕೊಳ್ಳುತ್ತಾರೆ" ಎಂಬ ಭಯ.

ಆ ಭಯ ಹೋಗಲು ತಮ್ಮವರೇ ಹೇಳಬೇಕು. ನಮ್ಮ ಊರಿನ ಅಶೋದಯ ಸಮಿತಿಯನ್ನು ನೋಡಿ. ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಆ ಸಂಘದಲ್ಲಿ, ತಮ್ಮಂಥವರನ್ನು ಅವರೇ ಮಾತನಾಡಿಸಿ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾರೆ. ಉಗಾಂಡದಲ್ಲಿ ಅಲ್ಲಿನ ಇಸ್ಲಾಮಿಕ್ ವೈದ್ಯರ ಸಂಘ 1992ರಲ್ಲಿ ಇಮಾಮರಿಗೆ ತರಬೇತಿ ಕೊಟ್ಟು, ಅವರ ಮೂಲಕ ಮನೆಮನೆಗೆ ಏಡ್ಸ್ ತಿಳಿವಳಿಕೆ ಮುಟ್ಟಿಸಿತು. ನಮ್ಮ ದೇಶದಲ್ಲೇ ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿ ಬೇಡವೆಂದ ಮನೆಗಳವರನ್ನು ಒಪ್ಪಿಸಲು ಇಮಾಮರು ನೆರವಾದರು.

"ಮಸೀದಿಯಲ್ಲಿ ಇಂಥ ಮಾತೇ? ಹಯಾ ಬೇಡವೇ?" ಎಂದು ಕೇಳುವವರಿದ್ದಾರೆ. ಹಯಾ ಬೇಕು, ಒಪ್ಪುತ್ತೇನೆ. ಆದರೆ ಇಮಾಮ್ ಸಾಹೇಬರು ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹೌಜಿನಲ್ಲಿ ವಜೂ ಮಾಡಿದರೆ, ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಇದು ಬರುವುದಿಲ್ಲ ಎನ್ನಲಿ. ಕೈಗವಸು ಹಾಕಿಕೊಂಡು ಮಯ್ಯತ್‌ಗೆ ಗುಸ್ಲ್ ಕೊಡಬಹುದು ಎನ್ನಲಿ. ರೋಗಿಯನ್ನು ಹೋಗಿ ನೋಡುವುದು ಸುನ್ನತ್, ಅವರ ಬೆನ್ನ ಹಿಂದೆ ಆಡಿಕೊಳ್ಳುವುದು ಗೀಬತ್ ಎಂದು ನೆನಪಿಸಲಿ. ರೋಗ ಹೇಗೆ ಬಂತೆಂದು ವಿಚಾರಣೆ ಮಾಡುವುದು ನಮ್ಮ ಕೆಲಸವಲ್ಲ. ಎಷ್ಟೋ ಹೆಂಗಸರಿಗೆ ಇದು ಬಂದಿರುವುದು ನಿಕಾಹ್ ಆದ ಗಂಡನಿಂದ, ಎಷ್ಟೋ ಮಕ್ಕಳಿಗೆ ಹುಟ್ಟಿನಿಂದ. ಹೆಂಗಸರು ಸೇರುವ ತಾಲೀಮ್‌ಗಳಲ್ಲೂ ಈ ಮಾತು ಬರಬೇಕು.

ಇನ್ನು ಕೆಲವರು, ನಿಕಾಹ್‌ಗೆ ಮೊದಲು ಕಮಿಟಿಯವರೇ ಪರೀಕ್ಷೆ ಕಡ್ಡಾಯ ಮಾಡಲಿ ಎನ್ನುತ್ತಾರೆ. ಅದು ಸರಿಯಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಕೆಲಸ, ಓದು, ಬಾಡಿಗೆ ಮನೆ, ಚಿಕಿತ್ಸೆ ಯಾವುದರಲ್ಲೂ ಭೇದ ಮಾಡುವಂತಿಲ್ಲ. ಬಲವಂತ ಮಾಡಿದರೆ ಜನ ಇನ್ನಷ್ಟು ಅಡಗಿಕೊಳ್ಳುತ್ತಾರೆ. ಮದುವೆಯಾಗುವ ಇಬ್ಬರೂ ತಾವಾಗಿಯೇ ಹೋಗಿ ಮಾಡಿಸಿಕೊಂಡರೆ ಅದೇ ಒಳ್ಳೆಯದು.

ನನಗೆ 17 ವರ್ಷ. 18 ತುಂಬದವರ ಪರೀಕ್ಷೆಗೆ ಪೋಷಕರ ಒಪ್ಪಿಗೆ ಕೇಳುತ್ತಾರೆ. ಅಂದರೆ ನಮಗೆ ಎಷ್ಟೇ ತಿಳಿವಳಿಕೆ ಬಂದರೂ, ಅಬ್ಬಾ ಅಮ್ಮಿಗೆ ಬರದಿದ್ದರೆ ನಾವು ಬಾಗಿಲಲ್ಲೇ ನಿಲ್ಲುತ್ತೇವೆ.

ಅದಕ್ಕೇ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಉರ್ದುವಿನಲ್ಲೂ ಕನ್ನಡದಲ್ಲೂ ಒಂದು ಪುಟದ ಕರಪತ್ರ ನಾವು ಬರೆಯುತ್ತೇವೆ. ಆಸ್ಪತ್ರೆಯ ಆಪ್ತಸಮಾಲೋಚಕರಿಂದ ಅದನ್ನು ತಿದ್ದಿಸೋಣ. ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾ ಕಡೆಯ ವಿದ್ಯಾರ್ಥಿಗಳು ತಂತಮ್ಮ ಮಸೀದಿಯ ಇಮಾಮ್ ಸಾಹೇಬರ ಕೈಗೆ ಅದನ್ನು ಕೊಡಲಿ. ಡಿಸೆಂಬರ್‌ನ ಮೊದಲ ಜುಮಾದಲ್ಲಿ ಅವರು ಐದು ನಿಮಿಷ ಮಾತನಾಡಿದರೆ ಸಾಕು, ನಮ್ಮ ಮನೆಗಳಲ್ಲಿ ಮಾತು ಶುರುವಾಗುತ್ತದೆ.