ನಮಗೇಕೆ ಜಮಾ-ಖರ್ಚು?

ಲೆಕ್ಕಶಾಸ್ತ್ರವೆಂಬುದು ವಾಣಿಜ್ಯ ವಿಭಾಗದವರ ಸೊತ್ತು, ಕಲಾ ವಿದ್ಯಾರ್ಥಿಗಳಾದ ನಮಗೇಕೆ ಅದರ ಗೊಡವೆ ಎಂದು ಗೆಳೆಯರನೇಕರು ಹೇಳುವುದುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಸಂತೆಕಲ್ಲೂರಿನ ಹೆಸರಿನಲ್ಲಿಯೇ ಸಂತೆಯಿದೆ. ಇಲ್ಲಿಯ ರೈತನು ಸಿಂಧನೂರಿನ ಅಡತಿ ಅಂಗಡಿಗೆ ಭತ್ತ ಹಾಕಿ, ಒಂದು ಪಟ್ಟಿ ಹಿಡಿದು ಮರಳುತ್ತಾನೆ. ಹಮಾಲಿ, ದಲ್ಲಾಳಿ, ಮುಂಗಡದ ಬಡ್ಡಿ ಎಲ್ಲ ಕಳೆದು ಉಳಿದದ್ದು ಅವನದು. ರಾಜ್ಯದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಂತೆ ದಲ್ಲಾಳಿಯನ್ನು ಕೊಡತಕ್ಕವನು ಕೊಳ್ಳುವವನೇ ಹೊರತು ಬೆಳೆದವನಲ್ಲ. ಪಟ್ಟಿ ಓದಲು ಬಾರದವನು ಇದನ್ನು ಕೇಳುವುದೆಂತು? ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದರೆ ಕಿವಿಗೆ ಹಗುರ. ಅದು ತಿಂಗಳ ಲೆಕ್ಕ, ವರ್ಷಕ್ಕೆ 24! ಮುಂಗಡ 50,000 ರೂಪಾಯಿಯಾದರೆ ಆರು ತಿಂಗಳಿಗೆ 6,000 ಹೋಯಿತು.

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನವೆಂಬ ಭಾಗವೇನೋ ಇದೆ. ಇರುವುದು ಮಾತ್ರ ಪುಸ್ತಕದ ಕಟ್ಟಕಡೆಗೆ. ಅರಸರೆಲ್ಲ ಆಳಿ ಮುಗಿಸಿದ ಮೇಲೆ, ಪರೀಕ್ಷೆ ಬಾಗಿಲಿಗೆ ಬಂದಾಗ ಅದರ ಸರದಿ! ಎಂಟನೆಯ ತರಗತಿಯಲ್ಲಿಯೇ, ವರ್ಷದ ಆರಂಭಕ್ಕೆ, ಇಂತಹ ಪಟ್ಟಿಯೊಂದನ್ನು ಕರಿಹಲಗೆಯ ಮೇಲೆ ಬರೆದು ಕೂಡಿಸಿ ಕಳೆಯಲು ಹೇಳಬಾರದೇಕೆ? ಆಮೇಲೆ ಬೇಕಾದರೆ ಕಿರ್ದಿ, ಖಾತೆಗಳ ವ್ಯಾಖ್ಯೆ ಬರಲಿ.

ಗೆಳೆಯರು ಇನ್ನೊಂದನ್ನು ಮರೆತಿದ್ದಾರೆ. ನಾಳೆ ಬಿ.ಎಡ್. ಮುಗಿಸಿ ಆ ಸಮಾಜ ವಿಜ್ಞಾನವನ್ನು ಕಲಿಸಲು ಹೋಗತಕ್ಕವರು ಬಿ.ಎ. ಓದುತ್ತಿರುವ ನಾವೇ.