ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬೇಕಾ?

 

ನಮ್ಮ ತಾತ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು 60 ವರ್ಷಕ್ಕೆ ನಿವೃತ್ತರಾದರು. ಹಾರ ಹಾಕಿಸಿಕೊಂಡು ಮನೆಗೆ ಬಂದಾಗ ಎಲ್ಲರೂ "ಇನ್ನು ಆರಾಮಾಗಿರಿ" ಅಂದರು. ತಾತ ಒಂದು ತಿಂಗಳು ಆರಾಮಾಗಿಯೇ ಇದ್ದರು. ಆಮೇಲೆ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ಎಲ್ಲಿಗೆ ಹೋಗೋದು ಅಂತ ತಿಳಿಯದೆ ಜಗಲಿ ಮೇಲೆ ಕೂರುತ್ತಿದ್ದರು. ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತಿತ್ತು.

ಒಂದು ದಿನ ನನಗೆ ವೃತ್ತದ ಲೆಕ್ಕ ಬರಲಿಲ್ಲ. ತಾತ ಸೈಕಲ್ ಚಕ್ರಕ್ಕೆ ದಾರ ಸುತ್ತಿ ಅಳೆದು, ಪರಿಧಿ ಯಾವಾಗಲೂ ವ್ಯಾಸದ ಮೂರರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಅಂತ ತೋರಿಸಿದರು. ಗಾಲಿ ಮಾಡಿದವರಿಗೆ ಗೊತ್ತಿರದೆ ಇರುತ್ತಾ! ಪಕ್ಕದ ಮನೆಯ ಮಕ್ಕಳೂ ಬಂದರು. ದಿನಾ ಸಂಜೆ ಒಂದು ಗಂಟೆ ಪಾಠ ಶುರುವಾಯಿತು. ಕಾಸು ಏನೂ ಇಲ್ಲ.

ಆದರೆ ಅರಳಿಕಟ್ಟೆಯಲ್ಲಿ ಯಾರೋ "ಮಾಡೋಕೆ ಕೆಲಸ ಇಲ್ಲ, ಅದಕ್ಕೇ ಮಕ್ಕಳನ್ನ ಕೂಡಿಸ್ಕೊಂಡವ್ರೆ" ಅಂತ ನಕ್ಕರು. ಅಲ್ಲೇ ಇದ್ದ ನಾನೂ ನಕ್ಕುಬಿಟ್ಟೆ. ತಾತನಿಗೆ ಕೇಳಿಸಿತೋ ಏನೋ, ಒಂದು ವಾರ "ಮಂಡಿ ನೋವು" ಅಂತ ಪಾಠ ಮಾಡಲಿಲ್ಲ. ನಾನು ನಕ್ಕಿದ್ದು ತಪ್ಪು.

ಯಲಹಂಕದಿಂದ ಹಿಂದೂಪುರದ ಕಡೆ ಹೋಗುವ ರೈಲು ಗೌರಿಬಿದನೂರಿನ ಮೇಲೇ ಹೋಗುತ್ತದೆ. ಅದರ ಹತ್ತಿರದ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯನವರು. 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅಷ್ಟು ದೊಡ್ಡ ಹುದ್ದೆ ಬಿಟ್ಟ ಮೇಲೆ ಬಂಗಲೆ ಕಟ್ಟಿಸಿಕೊಂಡು ಕೂರಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಇದ್ದುಕೊಂಡು, 2005ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾರ್ಥಿಗಳಿಗಾಗಿ ದುಡಿದರು. ಅವರನ್ನು ಯಾರಾದರೂ ಕೆಲಸ ಇಲ್ಲದವರು ಅಂದಾರಾ?

ನನ್ನ ಅಭಿಪ್ರಾಯ ಇಷ್ಟೇ. ಸಂಬಳ ನಿಂತರೆ ವಿದ್ಯೆ ನಿಲ್ಲುವುದಿಲ್ಲ. ನಮ್ಮೂರಲ್ಲೂ ನಿವೃತ್ತ ಮೇಷ್ಟ್ರು, ಸೈನಿಕರು, ಕಂಡಕ್ಟರು ಇದ್ದಾರೆ. ವಾರಕ್ಕೆ ಒಂದು ಗಂಟೆ ಕೊಟ್ಟರೆ ನಮಗೆ ಎಷ್ಟೋ ಉಪಕಾರ. ಹಾಗಂತ ಯಾರಿಗೂ ಬಲವಂತ ಮಾಡಬಾರದು. ಜನ್ಮವೆಲ್ಲ ದುಡಿದು ಸುಸ್ತಾದವರು ವಿಶ್ರಾಂತಿ ತೆಗೆದುಕೊಳ್ಳಲಿ. ಬಿಟ್ಟಿಯಾಗಿ ಕಲಿಸುವವರು ಸಿಕ್ಕರು ಅಂತ ಸರ್ಕಾರ ಶಾಲೆಗಳಿಗೆ ಮೇಷ್ಟ್ರನ್ನು ಕೊಡದೆ ಇರಲೂಬಾರದು. ತಾತ ಸಹಾಯಕ್ಕೆ ಬರುವವರು, ಮೇಷ್ಟ್ರ ಜಾಗಕ್ಕಲ್ಲ. ನಾವು ಮಾಡಬೇಕಾದ್ದೂ ಒಂದಿದೆ. ಹೇಳಿದ ಹೊತ್ತಿಗೆ ಹೋಗಬೇಕು, ನಗಬಾರದು.

ನಾನು ತಾತನ ಹತ್ತಿರ ತಪ್ಪಾಯಿತು ಅಂದೆ. ಸೋಮವಾರದಿಂದ ಪಾಠ ಮತ್ತೆ ಶುರು. ಸಂಜೆ ಆರು ಗಂಟೆಗೆ, ನಮ್ಮ ಜಗಲಿ ಮೇಲೆ. ಬರುವವರು ಒಂದು ನೋಟ್ ಬುಕ್ಕು, ಒಂದು ಗಜ ದಾರ ತನ್ನಿ.

— ಏಳನೇ ತರಗತಿ ವಿದ್ಯಾರ್ಥಿ